ಇಂಗ್ಲಿಷ್ ಕೀಬೋರ್ಡಿನಾಗ ಮರಾಠಿ: ಆರು ವರ್ಷ ಬಳಸಿದ ಮ್ಯಾಲೆ

ನಾ ವಿಜಯಪುರದಾಕಿ, ಪುಣೆಗೆ ಬಂದು ಒಂಬತ್ತು ವರ್ಷ ಆತು. ಮರಾಠಿ ಮಾತಾಡೋದು ಊರಾಗ ಇದ್ದಾಗಿಂದನೂ ಬರ್ತಿತ್ತು, ಬರಿಯೋದು ಶುರುವಾಗಿದ್ದು ಇಲ್ಲಿ ಸೊಸೈಟಿ ಸೆಕ್ರೆಟರಿ ಕೆಲಸ ಕೊರಳಿಗೆ ಬಿದ್ದ ಮ್ಯಾಲೆ. ಟ್ಯಾಂಕರ್ ಬಂತು, ಲಿಫ್ಟ್ ಕೆಟ್ಟತು, ಮೆಂಟೆನನ್ಸ್ ಬಾಕಿ, ಗಣಪತಿ ಪಟ್ಟಿ, ಎಲ್ಲಾ ವಾಟ್ಸಾಪಿನಾಗ ಮರಾಠಿಯಾಗೇ ಹಾಕಬೇಕು, ಇಂಗ್ಲಿಷಿನಾಗ ಹಾಕಿದ್ರ ಹಿರಿಯರು ಓದಂಗಿಲ್ಲ.

ಮೊದಲ ಫೋನಿನ ಕೀಬೋರ್ಡ್. ಇಂಗ್ಲಿಷ್ ಅಕ್ಷರ ಹೆಂಗ ಬೇಕಾದ್ರೂ ಹೊಡೀರಿ, ಅದೇ ಊಹೆ ಮಾಡಿ ಮರಾಠಿ ಶಬ್ದ ಮ್ಯಾಲೆ ತೋರಿಸ್ತದ. ಸ್ಪೀಡ್ ಭಾಳ ಅದ, ಆದ್ರ ಆ ಮ್ಯಾಲಿನ ಪಟ್ಟಿ ನೋಡದೇ ಸ್ಪೇಸ್ ಒತ್ತಿದ್ರ ಕೆಟ್ರಿ. ಒಂದಿನ ಗಡಿಬಿಡಿಯಾಗ 'ಪ್ಲಂಬರ್ ನಿನ್ನೆ ಬಂದಿದ್ದ' ಅಂತ ಹಾಕ್ಲಿಕ್ಕೆ ಹೋದೆ. ಮರಾಠಿಯಾಗ 'ಕಾಲ್' ಅಂದ್ರ ನಿನ್ನೆ, 'ಕಾಳ್' ಅಂದ್ರ ಯಮ, ಇಂಗ್ಲಿಷಿನಾಗ ಎರಡಕ್ಕೂ ಅದೇ ಕೆ ಎ ಎಲ್. ಗ್ರೂಪಿಗೆ ಹೋಗಿದ್ದು 'ಪ್ಲಂಬರ್ ಕಾಳ್ ಆಲಾ ಹೋತಾ'. ಮರಾಠಿಯವರಲ್ಲಿ ಒಂದು ಗಾದಿಮಾತು ಅದ, ಯಮ ಬಂದಿದ್ದ ಆದ್ರ ವ್ಯಾಳೆ ಬಂದಿರಲಿಲ್ಲ ಅಂತ. ಎರಡು ನಿಮಿಷದಾಗ ಮ್ಯಾಲಿನ ಮಜಲಿನ ಕಾಕಾ ರಿಪ್ಲೈ ಹಾಕಿದ್ರು, 'ಪಣ್ ವೇಳ್ ಆಲೀ ನವ್ಹತೀ'. ಇವತ್ತಿಗೂ ಆ ಪ್ಲಂಬರ್ ಬಂದ್ರ ಗೇಟಿನ ಹತ್ರ ಕೂತವರು ಬಾಯಿ ಮುಚ್ಚಿಕೊಂಡು ನಗ್ತಾರ, ಪಾಪ ಅಂವಗ ಯಾಕಂತ ಗೊತ್ತಿಲ್ಲ.

ಲ, ಳ ಫರಕು ನಮಗ ಕಿವಿಯಾಗೇ ಅದ, ಅದಕ್ಕ ಇಂಥ ತಪ್ಪು ಕಂಡ್ರ ಮೈ ಉರೀತದ. ಇನ್ನೊಂದು, ಕೀಬೋರ್ಡಿನ ಭಾಷೆ ಮರಾಠಿ ಅಂತನೇ ಇಡ್ರಿ, ಲಿಪಿ ಒಂದೇ ಅಂತ ಹಿಂದಿಯಾಗ ಬಿಟ್ಟುಬಿಟ್ರ ಳ ಹೋಗಿ ಲ ಬಂದು ಕೂಡ್ತದ.

ಲ್ಯಾಪ್‌ಟಾಪಿನಾಗ ಮಾತ್ರ ನಾ 'ಬರಹ' ಅನ್ನೋದನ್ನ ಬಿಟ್ಟಿಲ್ಲ. 1998ರಿಂದ ಇರೋ ಸಾಫ್ಟ್‌ವೇರ್, ಕನ್ನಡಕ್ಕ ಅಂತ ಕಲ್ತಿದ್ದು ದೇವನಾಗರಿಗೂ ನಡೀತದ. ಇಲ್ಲಿ ಊಹೆ ಗೀಹೆ ಇಲ್ಲ, ಸಣ್ಣ ಎಲ್ ಒತ್ತಿದ್ರ ಲ, ಕ್ಯಾಪಿಟಲ್ ಒತ್ತಿದ್ರ ಳ, ಮುಗೀತು. ಆದ್ರ ನನ್ನ ಮರಾಠಿ ಗೆಳತಿಗೆ ಇದನ್ನ ಹಾಕಿಕೊಟ್ರ ಒಂದೇ ದಿನಕ್ಕ ಬ್ಯಾಡ ಅಂದ್ಲು. ಯಾಕಂದ್ರ ಅವರು 'ಘರ್' ಅಂತಾರ, ಹಂಗೇ ಕೊನಿಗೆ ಎ ಹಾಕದೇ ಹೊಡೀತಾರ, ಅದು ರ ಕೆಳಗ ಹಲಂತ, ಅಂದ್ರ ಸ್ವರ ಇಲ್ಲ ಅನ್ನೋ ಗುರ್ತು, ಹಚ್ಚಿ ಕೊಡ್ತದ. ನಾವು ಮರ, ಮನ ಅಂತ ಕೊನಿಗೆ ಎ ಹಾಕಿ ಹಾಕಿ ಬೆಳೆದವರು, ನಮಗ ಅದು ತ್ರಾಸ ಅನಿಸೋದೇ ಇಲ್ಲ. ಮರಾಠಿ ಟೈಪಿಂಗಿನಾಗ ಮರಾಠಿಯವರಕಿಂತ ಕನ್ನಡದಾಕಿಗೆ ಸುಲಭ ಆಗಿದ್ದು ಇದೊಂದೇ ಇರಬೇಕು!

ಖರೇ ಪರೀಕ್ಷೆ ಇರೋದು ಅವರ ಅರ್ಧ ರಕಾರದಾಗ. ರ ಆದ ಮ್ಯಾಲೆ ಯ, ಹ ಬಂದ್ರ ಕೆಲವು ಶಬ್ದದಾಗ ಅದು ತಲಿ ಮ್ಯಾಲೆ ಕೊಕ್ಕೆ ಆಗಿ ಏರಂಗಿಲ್ಲ, ಮಗ್ಗುಲಾಗ ಸಣ್ಣ ಗೆರಿ ಆಗಿ ಕೂಡ್ತದ. ಬರೇ ಚಂದಕ್ಕಲ್ಲ, ಅರ್ಥನೇ ಬದಲಾಗ್ತದ. ಆಚಾರಿ ಅಂದ್ರ ಅಡಿಗಿಯಂವ. ಅಂವಗ ರೊಕ್ಕ ಕೊಟ್ಟೆ ಅಂತ ಬರಿಯೋ ಮುಂದ ಗೆರಿ ಬಿಟ್ಟು ಕೊಕ್ಕೆ ಹಾಕಿದ್ರ ಆಚಾರ್ಯರಿಗೆ ಕೊಟ್ಟಂಗ ಆಗ್ತದ. ಗಣಪತಿ ಲೆಕ್ಕದಾಗ ನಾ ಇದನ್ನೂ ಮಾಡೀನಿ, ಯಾವ ಆಚಾರ್ಯರು ಅಂತ ಖಜಾಂಚಿ ಕೇಳಿದ್ರು. ಕಂಪ್ಯೂಟರಿನಾಗ ಒಂದೊಂದು ಅಕ್ಷರಕ್ಕ ಒಂದೊಂದು ನಂಬರ್ ಕೊಡೋ ಯೂನಿಕೋಡಿನಾಗ ಈ ಗೆರಿ ಹುಟ್ಟೋದು 0931 ನಂಬರಿನ ಅಕ್ಷರದಿಂದ, ದ್ರಾವಿಡ ಭಾಷೆಗಳ ಇನ್ನೊಂದು ರಕಾರ ಬರೀಲಿಕ್ಕೆ ಅಂತ ಇಟ್ಟದ್ದು, ಅಂದ್ರ ನಮ್ಮ ಹಳೆಗನ್ನಡದ ಶಕಟರೇಫ ಱ! ನಾವು ಬಿಟ್ಟ ಅಕ್ಷರ ಪುಣೆಯಾಗ ದಿನಾ ದುಡೀಲಿಕ್ಕತ್ತದ. ಫೋನಿನ ಕೀಬೋರ್ಡ್ ಇದನ್ನ ಬಹುತೇಕ ಸರಿ ಹಾಕ್ತದ, ಇಲ್ಲಿ ಅದಕ್ಕ ಫುಲ್ ಮಾರ್ಕ್ಸ್.

ಜ್ಞ ಬೇಕಂದ್ರ ಫೋನಿನಾಗ ಡಿ ಎನ್ ವೈ ಹೊಡೀರಿ, ಅವರು ಅದನ್ನ 'ದ್ನ್ಯ' ಅಂತನೇ ಅನ್ನೋದು. ಇನ್‌ಸ್ಕ್ರಿಪ್ಟ್, ಅಂದ್ರ ನಮ್ಮ ಭಾಷೆಗಳ ಅಕ್ಷರನೇ ನೇರ ಕೀಲಿಗೆ ಕೂಡಿಸಿದ ಕೀಬೋರ್ಡ್, ಕಲ್ತವರಿಗೆ ಇವು ಯಾವೂ ತಲಿನೋವಿಲ್ಲ, ಎನ್ ಕೀಲಿಗೆ ಲ, ಶಿಫ್ಟ್ ಹಿಡಿದ್ರ ಳ, ಜೆ ಕೀಲಿಗೆ ರ, ಶಿಫ್ಟ್ ಹಿಡಿದ್ರ ಅದೇ ಱ, ಕನ್ನಡಕ್ಕೂ ಮರಾಠಿಗೂ ಲ, ಳ, ರ ಎಲ್ಲಾ ಅದೇ ಜಾಗಾ. ನಾ ಎರಡು ಸಲ ಕಲೀಲಿಕ್ಕೆ ಕೂತು ಎರಡು ಸಲನೂ ಎದ್ದೆ.

ಫೋನಿಗೆ ಐದಕ್ಕ ಮೂರೂವರೆ, ಲ್ಯಾಪ್‌ಟಾಪಿನ ಬರಹಕ್ಕ ನಾಲ್ಕು. ಆ ಒಂದು ಮಾರ್ಕ್ ಕಡಿಮಿ ಯಾಕಂದ್ರ ಱ ಬೇಕಾದಾಗೆಲ್ಲಾ ಕೀಲಿ ಮರೆತು ಹುಡುಕ್ತೀನಿ. 'ದುಸಱ್ಯಾ ಮಜಲ್ಯಾವರ್', 'ತಿಸಱ್ಯಾ ಮಜಲ್ಯಾವರ್', ಎರಡನೇದು ಮೂರನೇದಕ್ಕ ಗೆರಿ ಬೇಕು, ನಾಲ್ಕನೇದಕ್ಕ ಬ್ಯಾಡ. ನಮ್ಮ ಲಿಫ್ಟ್ ನಿಲ್ಲೋದು ಬರೇ ಎರಡು ಮತ್ತ ಮೂರರಾಗ.