ಸೆಕೆಂಡ್ ಹ್ಯಾಂಡ್ ಡೀಸೆಲ್ ಪಿಕಪ್: ಮೊದಲು ಬ್ರೇಕ್, ಆಮೇಲೆ ಬಣ್ಣ

ಮಂಡ್ಯ ಜಿಲ್ಲೆಯಲ್ಲಿ ಹಳೆಯ ಪಿಕಪ್ ನೋಡಲು ಹೋದವರ ಕಣ್ಣು ಮೊದಲು ಮೀಟರಿನ ಮೇಲೆ ಬೀಳುತ್ತದೆ. ಮೀಟರ್ ತಿರುಗಿಸಿಡುವುದು ಕಷ್ಟದ ಕೆಲಸವಲ್ಲ ಎಂದು ಎಲ್ಲರಿಗೂ ಗೊತ್ತಿದ್ದರೂ ಆ ಅಂಕಿಯನ್ನೇ ಹಿಡಿದು ಚೌಕಾಶಿ ನಡೆಯುತ್ತದೆ. ಗಾಡಿ ಇದುವರೆಗೆ ಏನು ಹೊತ್ತಿದೆ ಎಂದು ಕೇಳುವವರು ಕಡಿಮೆ. ಹೂವು, ತರಕಾರಿ, ರೇಷ್ಮೆಗೂಡು ಹೊತ್ತು ಎರಡು ಲಕ್ಷ ಕಿಲೋಮೀಟರ್ ಓಡಿದ ಪಿಕಪ್, ಜಲ್ಲಿ ಮತ್ತು ಎಂ-ಸ್ಯಾಂಡ್ ಹೊತ್ತು ಎಂಬತ್ತು ಸಾವಿರ ಓಡಿದ ಪಿಕಪ್‌ಗಿಂತ ಎಷ್ಟೋ ಮೇಲು. ಪಾಂಡವಪುರ ತಾಲ್ಲೂಕಿನಿಂದ ಬೆಲ್ಲ, ತೆಂಗಿನಕಾಯಿ, ತರಕಾರಿ ಸಾಗಿಸಲು ನಾನು ಕೊಂಡದ್ದು 2018ರ ಮಾದರಿಯ ಬೊಲೆರೊ ಪಿಕಪ್. ಎರಡು ವರ್ಷಕ್ಕೂ ಮೇಲ್ಪಟ್ಟು ಅದನ್ನು ದುಡಿಸಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ.

ಅಶೋಕ್ ಲೇಲ್ಯಾಂಡ್ ದೋಸ್ತ್, ಟಾಟಾ ಯೋಧ ಪಿಕಪ್ ಎರಡನ್ನೂ ನೋಡಿದ್ದೆ. ಕೊನೆಗೆ ಇದನ್ನೇ ಆರಿಸಿದ್ದಕ್ಕೆ ಕಾರಣ ಸರಳ: ಇದರ ಬಿಡಿಭಾಗ ತಾಲ್ಲೂಕು ಕೇಂದ್ರದಲ್ಲಿಯೇ ಸಿಗುತ್ತದೆ, 2523 ಸಿಸಿಯ ಈ ನಾಲ್ಕು ಸಿಲಿಂಡರಿನ ಟರ್ಬೊ ಡೀಸೆಲ್ ಎಂಜಿನ್ ಬಿಚ್ಚಿ ಜೋಡಿಸಿದ ಕೈಗಳು ನಮ್ಮ ಭಾಗದಲ್ಲಿ ಬೇಕಾದಷ್ಟಿವೆ. 2020ರ ಏಪ್ರಿಲ್‌ನಿಂದ ದೇಶದಲ್ಲಿ ಗಾಡಿಯ ಹೊಗೆಗೆ ಮಿತಿ ಹಾಕುವ ಬಿಎಸ್ 6 ನಿಯಮ ಬಂತು. ಅದಕ್ಕೆ ಹಿಂದಿನ ಬಿಎಸ್ 4 ಗಾಡಿಗಳಲ್ಲಿ ಹೊಗೆ ಶುದ್ಧೀಕರಿಸುವ ಏರ್ಪಾಡು, ಸೆನ್ಸರ್‌ಗಳು ಕಡಿಮೆ. ಸ್ಕ್ಯಾನರ್ ಇಲ್ಲದ ಹಳ್ಳಿಯ ಗ್ಯಾರೇಜಿನಲ್ಲಿಯೂ ಅರ್ಧಕ್ಕರ್ಧ ಕೆಲಸ ಮುಗಿಯುತ್ತದೆ. ಹಳೆಯ ಗಾಡಿ ಕೊಳ್ಳುವ ರೈತನಿಗೆ ಇದು ದೊಡ್ಡ ಅನುಕೂಲ.

ಗಾಡಿ ಮೈಸೂರಿನ ಒಬ್ಬ ವ್ಯಾಪಾರಿಯ ಬಳಿ ಇತ್ತು. ನಾವು ತಲುಪುವಷ್ಟರಲ್ಲಿ ಎಂಜಿನ್ ಆಗಲೇ ಬಿಸಿಯಾಗಿತ್ತು. ಜೊತೆಗೆ ಬಂದಿದ್ದ ಮೇಸ್ತ್ರಿ ಬಾನೆಟ್ ಮೇಲೆ ಕೈಯಿಟ್ಟು, "ಇವತ್ತು ಬೇಡ ಸ್ವಾಮಿ, ನಾಳೆ ಬೆಳಿಗ್ಗೆ ಬರೋಣ. ನಾವು ಬರುವ ತನಕ ಸ್ಟಾರ್ಟ್ ಮಾಡಬೇಡಿ ಎಂದು ಅವರಿಗೆ ಹೇಳಿ" ಎಂದರು. ಇಡೀ ತಪಾಸಣೆಯಲ್ಲಿ ಅತ್ಯಂತ ಬೆಲೆಬಾಳುವ ಮಾತು ಅದು. ಡೀಸೆಲ್ ಎಂಜಿನ್ನಿನ ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿ ಒತ್ತುವ ಬಲ) ಕುಗ್ಗಿದ್ದರೆ, ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಸೋರುತ್ತಿದ್ದರೆ, ಬ್ಯಾಟರಿ ಸೋತಿದ್ದರೆ ತಣ್ಣಗಿರುವಾಗ ಮಾತ್ರ ಗುಟ್ಟು ಹೊರಬೀಳುತ್ತದೆ. ಬಿಸಿ ಎಂಜಿನ್ ಎಲ್ಲವನ್ನೂ ಮುಚ್ಚಿಡುತ್ತದೆ.

ಮರುದಿನ ಮೊದಲ ಸೆಲ್ಫ್‌ಗೇ ಎಂಜಿನ್ ಹಿಡಿಯಿತು. ಹೊಗೆಯ ಬಣ್ಣ ನೋಡಲು ನಾನು ಹಿಂದೆ ನಿಂತಿದ್ದೆ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ ಎಂದರ್ಥ. ಪಿಸ್ಟನ್ ರಿಂಗ್, ವಾಲ್ವ್ ಸೀಲ್ ಅಥವಾ ಟರ್ಬೊ, ಮೂರರಲ್ಲಿ ಒಂದು ಹೋಗಿದೆ. ಬಿಳಿ ಹೊಗೆ ಎಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ, ಇಲ್ಲವೇ ಕೂಲೆಂಟ್ ಸಿಲಿಂಡರಿಗೆ ಇಳಿಯುತ್ತಿದೆ. ನಮ್ಮ ಗಾಡಿಯಲ್ಲಿ ಆಕ್ಸಿಲರೇಟರ್ ಒತ್ತಿದಾಗ ಕಪ್ಪು ಹೊಗೆ ಸ್ವಲ್ಪ ಹೆಚ್ಚೇ ಬಂತು. ಏರ್ ಫಿಲ್ಟರ್ ತೆಗೆದರೆ ಆಲೆಮನೆಯ ಸಿಪ್ಪೆಯ ಪುಡಿ ಗಟ್ಟಿಯಾಗಿ ಕೂತಿತ್ತು. ಗಾಡಿ ಏನು ಕೆಲಸ ಮಾಡಿದೆ ಎಂಬ ನನ್ನ ಪ್ರಶ್ನೆಗೆ ಮಾರುವವರಿಗಿಂತ ಮೊದಲು ಫಿಲ್ಟರ್ ಉತ್ತರ ಕೊಟ್ಟಿತು.

ಎಂಜಿನ್ ಓಡುತ್ತಿರುವಾಗಲೇ ಆಯಿಲ್ ತುಂಬುವ ಮುಚ್ಚಳ ತೆಗೆದು ನೋಡಿದೆವು. ಅಲ್ಲಿಂದ ಹೊಗೆ ದಬದಬನೆ ಒದ್ದುಕೊಂಡು ಬರುತ್ತಿದ್ದರೆ ರಿಂಗ್ ಸವೆದಿದೆ, ಆ ಗಾಡಿಯ ಆಸೆ ಬಿಡಬೇಕು. ತೆಳುವಾದ ಆವಿ ಬಂದರೆ ಚಿಂತೆಯಿಲ್ಲ. ಟರ್ಬೊದಿಂದ ಬರುವ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರಿನ ಪೈಪಿನ ಒಳಗೆ ಬೆರಳಾಡಿಸಿದಾಗ ಸಣ್ಣ ಜಿಡ್ಡು ಮಾತ್ರ ಸಿಕ್ಕಿತು. ಆಯಿಲ್ ನಿಂತಿದ್ದರೆ ಟರ್ಬೊ ಸೀಲ್ ಮೇಲೆ ಅನುಮಾನ ಪಡಬೇಕಾಗುತ್ತಿತ್ತು. ಆಮೇಲೆ ಮೇಸ್ತ್ರಿ ಇಂಜೆಕ್ಟರ್‌ಗಳ ರಿಟರ್ನ್ ಪೈಪು ಬಿಚ್ಚಿ ನಾಲ್ಕು ಸಣ್ಣ ಬಾಟಲಿ ಕಟ್ಟಿದರು. ಒಂದೇ ಹೊತ್ತಿನಲ್ಲಿ ಯಾವ ಬಾಟಲಿಯಲ್ಲಿ ಉಳಿದವಕ್ಕಿಂತ ಹೆಚ್ಚು ಡೀಸೆಲ್ ತುಂಬುತ್ತದೆಯೋ ಆ ಇಂಜೆಕ್ಟರ್ ಸೋತಿದೆ. ಇದರಂತೆ ಕಾಮನ್ ರೈಲ್ ಗಾಡಿ (ಒಂದೇ ಕೊಳವೆಯಿಂದ ಎಲ್ಲ ಇಂಜೆಕ್ಟರ್‌ಗಳಿಗೂ ಭಾರಿ ಒತ್ತಡದಲ್ಲಿ ಡೀಸೆಲ್ ಹೋಗುವಂಥದ್ದು) ಕೊಳ್ಳುವವರು ಈ ಪರೀಕ್ಷೆಯನ್ನು ಬಿಡಲೇಬಾರದು. ಇಂಜೆಕ್ಟರ್ ಸೆಟ್ ಬದಲಿಸುವ ಖರ್ಚು ಬಂದರೆ ಕಡಿಮೆ ಬೆಲೆಗೆ ಕೊಂಡ ಸಂತೋಷವೆಲ್ಲ ಅಲ್ಲಿಗೇ ಮುಗಿಯುತ್ತದೆ.

ಪೇಟೆಯ ಒಳಗೆ ಒಂದು ಸುತ್ತು ಓಡಿಸಿದರೆ ಏನೂ ತಿಳಿಯುವುದಿಲ್ಲ. ಮುಂಗಡ ಕೊಡುವ ಮೊದಲು ಗಾಡಿಯನ್ನು ಮೇಲುಕೋಟೆಯ ಏರಿಗೆ ಒಯ್ಯಬೇಕೆಂದು ನಾನು ಹಟ ಹಿಡಿದೆ. ಏರಿನಲ್ಲಿ ಮೂರನೇ ಗೇರಿಗೆ ಹಾಕಿ ಒತ್ತಿದಾಗ ಎಂಜಿನ್ ಸದ್ದು ಮಾತ್ರ ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಟೆಂಪರೇಚರ್ ಮುಳ್ಳು ಅರ್ಧ ದಾಟಿ ಮೇಲೇರಿದರೆ ರೇಡಿಯೇಟರ್ ಕಟ್ಟಿಕೊಂಡಿದೆ, ಇಲ್ಲವೇ ಫ್ಯಾನ್ ಸರಿಯಿಲ್ಲ. ಕ್ಲಚ್ ಗೆದ್ದಿತು, ಮುಳ್ಳು ಮಾತ್ರ ನಿಧಾನವಾಗಿ ಏರುತ್ತಾ ಹೋಯಿತು. ಇಳಿಯುವಾಗ ಇನ್ನೊಂದು ಸಂಗತಿ ಗೊತ್ತಾಯಿತು: ಬ್ರೇಕ್ ಒತ್ತಿದಾಗ ಗಾಡಿ ಎಡಕ್ಕೆ ಎಳೆಯುತ್ತಿತ್ತು. ಎರಡೂ ದುರಸ್ತಿ ಆಗುವಂಥವು. ಅವನ್ನೇ ಮುಂದಿಟ್ಟು ಬೆಲೆ ಇಳಿಸಿ ಮಾತಾಡಿದೆವು.

ಆದರೆ ನಿಜವಾದ ಕಥೆ ಇದ್ದದ್ದು ಗಾಡಿಯ ಹೊಟ್ಟೆಯ ಕೆಳಗೆ. ವಾಟರ್ ಸರ್ವಿಸ್ ಅಂಗಡಿಯಲ್ಲಿ ಗಾಡಿ ಮೇಲೆತ್ತಿಸಿ ಟಾರ್ಚ್ ಹಿಡಿದು ನೋಡಿದೆವು. ಚಾಸಿಸ್ ಮೇಲೆ ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರೆ ಅನುಮಾನ ಪಡಿ. ಬಣ್ಣದ ಕೆಳಗೆ ವೆಲ್ಡಿಂಗ್ ಗುರುತು ಇರಬಹುದು. ಹಿಂದಿನ ಸ್ಪ್ರಿಂಗ್ ಪಟ್ಟಿ ನೇತುಬಿದ್ದಿರುವ ಬ್ರಾಕೆಟ್ಟಿನ ಸುತ್ತ ಕೂದಲೆಳೆಯಂಥ ಸೀಳು ಇದೆಯೇ ಎಂದು ನೋಡುವುದು ಬಹಳ ಮುಖ್ಯ. ಹೆಚ್ಚು ಹೊರೆ ಹೊತ್ತ ಗಾಡಿ ಮೊದಲು ಸೋಲುವುದು ಅಲ್ಲಿಯೇ. ಈ ಗಾಡಿಯಲ್ಲಿ ಸೀಳು ಇರಲಿಲ್ಲ. ಆದರೆ ಹಿಂದಿನ ಮಾಲೀಕರು ಎರಡೂ ಕಡೆ ಹೆಚ್ಚುವರಿ ಪಟ್ಟಿ ಸೇರಿಸಿದ್ದರು. ಬಾಡಿಯ ತಗಡು ಮೂಲೆಗಳಲ್ಲಿ ತುಕ್ಕು ತಿಂದಿತ್ತು. ಕೊಟ್ಟಿಗೆ ಗೊಬ್ಬರ, ಯೂರಿಯಾ ಸಾಗಿಸಿದ ಗಾಡಿಗಳನ್ನು ಆಯಾ ದಿನವೇ ತೊಳೆಯದಿದ್ದರೆ ಹೀಗಾಗುತ್ತದೆ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚೊತ್ತಿರುತ್ತದೆ. 2219 ಎಂದಿದ್ದರೆ 2019ರ ಇಪ್ಪತ್ತೆರಡನೇ ವಾರದಲ್ಲಿ ತಯಾರಾದದ್ದು. ಗಾಡಿಗಿಂತ ಟೈರ್ ಹೊಸದಾಗಿ ಹೊಳೆಯುತ್ತಿದ್ದರೆ ಈ ಅಂಕಿ ನೋಡಿ, ರೀಟ್ರೆಡ್ ಮಾಡಿಸಿದ್ದೇ (ಸವೆದ ಟೈರಿಗೆ ಹೊಸ ರಬ್ಬರ್ ಹಾಕಿಸಿದ್ದೇ) ಎಂದೂ ಕೇಳಿ.

ಕಾಗದಪತ್ರದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಚಾಸಿಸ್ ಮತ್ತು ಎಂಜಿನ್ ಮೇಲಿನ ನಂಬರ್‌ಗಳನ್ನು ಆರ್‌ಸಿಯೊಂದಿಗೆ ನೀವೇ ಕಣ್ಣಾರೆ ಹೋಲಿಸಿ. ಸಾಲ ಇದ್ದರೆ ಫೈನಾನ್ಸ್‌ನವರ ಎನ್ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ) ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರಂ 35 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ವರ್ಗಾವಣೆಗೆ ಫಾರಂ 29 ಮತ್ತು 30 ಬೇಕು. ನನ್ನದು ಮೈಸೂರಿನ ಕೆಎ 55 ನಂಬರ್. ರಾಜ್ಯದೊಳಗೇ ಇದ್ದುದರಿಂದ ಮಂಡ್ಯಕ್ಕೆ ಬಂದ ಮೇಲೂ ಅದೇ ನಂಬರ್ ಉಳಿಯಿತು. ವಿಮೆಯನ್ನೂ ಹದಿನಾಲ್ಕು ದಿನದೊಳಗೆ ಹೆಸರಿಗೆ ಬದಲಿಸಲು ಅರ್ಜಿ ಕೊಡಬೇಕು. ಎಫ್‌ಸಿಯ (ಗಾಡಿ ಓಡಿಸಲು ಯೋಗ್ಯ ಎಂಬ ಪ್ರಮಾಣಪತ್ರ) ದಿನಾಂಕ ಮರೆಯಬೇಡಿ: ಸರಕು ವಾಹನಕ್ಕೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆ ಬಳಿಕ ಪ್ರತಿ ವರ್ಷ. 2018ರ ಗಾಡಿ ಕೊಳ್ಳುವವರು ಈ ಖರ್ಚನ್ನು ಲೆಕ್ಕಕ್ಕೆ ಹಿಡಿಯಲೇಬೇಕು.

ಈಗ ಸುಧಾರಣೆಯ ಮಾತು. ಗಾಡಿಯ ಬೆಲೆಯ ಕಾಲು ಭಾಗದಷ್ಟು ಹಣವನ್ನು ಮೊದಲೇ ಬೇರೆ ತೆಗೆದಿಟ್ಟಿದ್ದೆ. ನಮ್ಮ ಕಡೆ ಹಳೆಯ ಪಿಕಪ್ ಮನೆಗೆ ಬಂದ ಕೂಡಲೇ ಹೊಸ ಬಣ್ಣ, ಮುಂದೆ ಕಬ್ಬಿಣದ ಬಂಪರ್, ಹಾರ್ನ್, ಸ್ಟಿಕ್ಕರ್ ಎಂದು ದುಡ್ಡು ಸುರಿಯುತ್ತಾರೆ. ನಿಲ್ಲಬೇಕಾದ ಕಡೆ ನಿಲ್ಲದ ಗಾಡಿಗೆ ಬಣ್ಣ ಯಾತಕ್ಕೆ? ಹಾಗಾಗಿ ಮೊದಲ ಹಣ ಬ್ರೇಕಿಗೆ ಹೋಯಿತು. ಮುಂದಿನ ಕ್ಯಾಲಿಪರ್ ಒಂದು ಅಂಟಿಕೊಂಡಿದ್ದೇ ಎಡಕ್ಕೆ ಎಳೆಯಲು ಕಾರಣ. ಅದನ್ನು ಬಿಚ್ಚಿ ಕಿಟ್ ಹಾಕಿಸಿದೆವು. ಹೊಸ ಪ್ಯಾಡ್, ಹಿಂದಿನ ಡ್ರಮ್ಮಿಗೆ ಹೊಸ ಲೈನರ್, ವೀಲ್ ಸಿಲಿಂಡರ್, ಹೋಸ್, ಜೊತೆಗೆ ಬ್ರೇಕ್ ಆಯಿಲ್ ಪೂರ್ತಿ ಬದಲು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ತೇವ ಹೀರಿದ ಆಯಿಲ್ ಇಳಿಜಾರಿನಲ್ಲಿ ಬಿಸಿಯಾಗಿ ಆವಿಯಾದರೆ ಪೆಡಲ್ ಸಪ್ಪಗೆ ಕೆಳಗಿಳಿಯುತ್ತದೆ. ಹೊರೆ ಹೊತ್ತು ಬೆಟ್ಟ ಇಳಿಯುವವರು ಇದನ್ನು ನೆನಪಿಡಲೇಬೇಕು.

ಎರಡನೆಯದು ತಂಪು. ರೇಡಿಯೇಟರ್ ಬಿಚ್ಚಿ ರಾಡ್ ಹೊಡೆಸಿ ನಾಳಗಳನ್ನು ಶುಚಿ ಮಾಡಿಸಿದೆವು. ಒಳಗೆ ಕೂತಿದ್ದದ್ದು ಬೋರ್‌ವೆಲ್ ನೀರಿನ ಉಪ್ಪು. ನಮ್ಮ ಜಿಲ್ಲೆಯಲ್ಲಿ ಬಹಳಷ್ಟು ಗಾಡಿಗಳಿಗೆ ಕೊಳವೆಬಾವಿಯ ಗಡಸು ನೀರನ್ನೇ ತುಂಬುತ್ತಾರೆ, ಅದು ಕೆಲವೇ ವರ್ಷದಲ್ಲಿ ನಾಳಗಳನ್ನು ಕಟ್ಟುತ್ತದೆ. ಥರ್ಮೋಸ್ಟಾಟ್, ಎಲ್ಲ ಹೋಸ್, ಫ್ಯಾನ್ ಬೆಲ್ಟ್ ಹೊಸದು ಹಾಕಿ ಸರಿಯಾದ ಕೂಲೆಂಟ್ ತುಂಬಿಸಿದ ಮೇಲೆ ಏಪ್ರಿಲ್ ಬಿಸಿಲಿನಲ್ಲಿ ತುಂಬಿದ ಗಾಡಿ ಏರು ಹತ್ತುವಾಗಲೂ ಮುಳ್ಳು ಅರ್ಧ ದಾಟಿಲ್ಲ.

ಮೂರನೆಯದು ಡೀಸೆಲ್ ಫಿಲ್ಟರ್. ಕಾಮನ್ ರೈಲ್ ಪಂಪು ಸಾವಿರ ಬಾರ್ ಮೀರಿದ ಒತ್ತಡದಲ್ಲಿ ಕೆಲಸ ಮಾಡುತ್ತದೆ, ಅದರ ಒಳಭಾಗಗಳಿಗೆ ಜಿಡ್ಡು ಸಿಗುವುದು ಡೀಸೆಲ್‌ನಿಂದಲೇ. ಡೀಸೆಲ್‌ನಲ್ಲಿ ನೀರು ಸೇರಿದರೆ ಪಂಪು, ಇಂಜೆಕ್ಟರ್ ಎರಡೂ ಸವೆಯುತ್ತವೆ. ಕ್ಯಾನಿನಲ್ಲಿ ತಂದ ಡೀಸೆಲ್ ಸುರಿಯುವ ಅಭ್ಯಾಸ ಬಿಡಬೇಕು, ಫಿಲ್ಟರ್ ತಳದ ನೀರನ್ನು ಆಗಾಗ ಬಿಡಬೇಕು. ಮೂಲ ಕಂಪನಿಯ ಫಿಲ್ಟರಿಗೂ ಅಗ್ಗದ ಫಿಲ್ಟರಿಗೂ ಇರುವ ವ್ಯತ್ಯಾಸ ಕೆಲವು ನೂರು ರೂಪಾಯಿ. ಇಲ್ಲಿ ಉಳಿಸುವುದರಲ್ಲಿ ಅರ್ಥವಿಲ್ಲ.

ಈಗ ಹೆಚ್ಚುವರಿ ಪಟ್ಟಿಯ ವಿಷಯ. ಇದರಲ್ಲಿ ನನಗೆ ನಮ್ಮ ಊರಿನ ಬಹಳ ಮಂದಿಯೊಂದಿಗೆ ಭಿನ್ನಾಭಿಪ್ರಾಯವಿದೆ. ಪಟ್ಟಿ ಸೇರಿಸಿದರೆ ಗಾಡಿ ಹೆಚ್ಚು ಹೊರುತ್ತದೆ ಎಂದು ಎಲ್ಲರೂ ನಂಬಿದ್ದಾರೆ. ಹಿಂಭಾಗ ಕುಸಿಯುವುದು ಕಡಿಮೆಯಾಗುತ್ತದೆ, ನಿಜ. ಆದರೆ ಹಿಂದಿನ ಆಕ್ಸಲ್ ಹೌಸಿಂಗ್, ವೀಲ್ ಬೇರಿಂಗ್, ಟೈರ್, ಬ್ರೇಕ್, ಚಾಸಿಸ್ ಯಾವುದೂ ಅದರಿಂದ ಬಲಗೊಳ್ಳುವುದಿಲ್ಲ. ಇನ್ನೊಂದು ಅಪಾಯ ಕಣ್ಣಿಗೆ ಕಾಣುವುದೇ ಇಲ್ಲ. ಲೋಡ್ ಸೆನ್ಸಿಂಗ್ ವಾಲ್ವ್ ಇರುವ ಗಾಡಿಗಳಲ್ಲಿ ಹಿಂಭಾಗ ಎಷ್ಟು ಕುಸಿದಿದೆ ಎಂಬುದನ್ನು ನೋಡಿ ಹಿಂದಿನ ಚಕ್ರಗಳಿಗೆ ಬ್ರೇಕ್ ಒತ್ತಡ ಹಂಚಿಕೆಯಾಗುತ್ತದೆ. ಪಟ್ಟಿ ಗಟ್ಟಿಯಾದರೆ ಹಿಂಭಾಗ ಕುಸಿಯುವುದಿಲ್ಲ. ಆಗ ಗಾಡಿ ತುಂಬಿದ್ದರೂ ಖಾಲಿ ಇದೆ ಎಂದೇ ತಿಳಿದು ವಾಲ್ವ್ ಹಿಂದಿನ ಬ್ರೇಕನ್ನು ಕಡಿಮೆ ಮಾಡುತ್ತದೆ. ಬ್ರೇಕ್ ಅತ್ಯಂತ ಬೇಕಾದ ಹೊತ್ತಿನಲ್ಲಿ ಅದು ಅರ್ಧ ಸಿಗುತ್ತದೆ. ನಾನು ಹೆಚ್ಚುವರಿ ಪಟ್ಟಿ ಕಳಚಿಸಿ, ಕಂಪನಿ ಅಳತೆಯ ಹೊಸ ಸೆಟ್, ಬುಷ್, ಸೆಂಟರ್ ಬೋಲ್ಟ್, ಯು ಬೋಲ್ಟ್ ಹಾಕಿಸಿದೆ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಯು ಬೋಲ್ಟ್‌ಗಳನ್ನು ಮತ್ತೊಮ್ಮೆ ಬಿಗಿ ಮಾಡಿಸುವುದು ಕಡ್ಡಾಯ.

ಹೊರೆಯ ಲೆಕ್ಕ ಇಟ್ಟುಕೊಂಡರೆ ಹೆಚ್ಚುವರಿ ಪಟ್ಟಿ ಬೇಕೇ ಆಗುವುದಿಲ್ಲ. ಒಂದು ಎಳನೀರು ಸುಮಾರು ಎರಡು ಕಿಲೋ ಎಂದಿಟ್ಟುಕೊಂಡರೆ 1300 ಕಿಲೋ ಸಾಮರ್ಥ್ಯದ ಗಾಡಿಗೆ ಆರುನೂರೈವತ್ತು ಕಾಯಿ. ಹತ್ತು ಕಿಲೋ ಬಕೆಟ್ ಬೆಲ್ಲವಾದರೆ ನೂರಮೂವತ್ತು ಅಚ್ಚು. ಬೆಲ್ಲದಲ್ಲೇ ಮೋಸ ಹೋಗುವುದು: ಅಷ್ಟು ಅಚ್ಚು ಜೋಡಿಸಿದ ಮೇಲೂ ಬಾಡಿ ಇನ್ನೂ ಖಾಲಿ ಇರುವಂತೆ ಕಾಣುತ್ತದೆ, ಆಲೆಮನೆಯವರು "ಇನ್ನೊಂದು ಸಾಲು ಹಾಕಿಕೊಳ್ಳಿ ಅಣ್ಣ" ಎನ್ನುತ್ತಾರೆ. ನಾನು ಹಾಕಿಕೊಳ್ಳುವುದಿಲ್ಲ. 2019ರ ತಿದ್ದುಪಡಿಯ ನಂತರ ಕೇಂದ್ರ ಕಾಯ್ದೆಯಲ್ಲಿ ಅತಿ ಹೊರೆಗೆ ದಂಡ 20,000 ರೂಪಾಯಿ, ಅದರ ಮೇಲೆ ಹೆಚ್ಚಾದ ಪ್ರತಿ ಟನ್ನಿಗೆ 2,000. ಒಂದು ಸಾಲು ಬೆಲ್ಲದ ಬಾಡಿಗೆ ಎಷ್ಟು, ದಂಡ ಎಷ್ಟು ಎಂದು ನೀವೇ ಲೆಕ್ಕ ಹಾಕಿ.

ಬಾಡಿಯ ತುಕ್ಕು ಕೆರೆದು, ಕೊಳೆತ ಕಡೆ ತಗಡು ಕತ್ತರಿಸಿ ಹೊಸದು ಬೆಸೆಸಿದೆ. ನೀರು ಇಳಿದುಹೋಗಲು ಮೂಲೆಗಳಲ್ಲಿ ತೂತು ಮಾಡಿಸಿದ್ದು ಸಣ್ಣ ಕೆಲಸವಾದರೂ ಬಹಳ ಉಪಯೋಗವಾಗಿದೆ. ಪ್ರತಿಫಲಿಸುವ ಪಟ್ಟಿ ಹಿಂದೆ ಕೆಂಪು, ಪಕ್ಕದಲ್ಲಿ ಹಳದಿ, ಮುಂದೆ ಬಿಳಿ ಅಂಟಿಸಿದೆ, ಹಿಂದಿನ ದೀಪಗಳ ವೈರಿಂಗ್ ಪೂರ್ತಿ ಬದಲಿಸಿದೆ. ಕಬ್ಬು ಅರೆಯುವ ಕಾಲದಲ್ಲಿ ದೀಪವಿಲ್ಲದ ಟ್ರೇಲರ್‌ಗಳ ನಡುವೆ ರಾತ್ರಿ ಓಡಿಸುವವರಿಗೆ ಇದರ ಬೆಲೆ ಗೊತ್ತು.

ಇಷ್ಟೆಲ್ಲ ಆದ ಮೇಲೆ ಗಾಡಿ ಹೇಗಿದೆ? ತುಂಬಿದಾಗ ಲೀಟರಿಗೆ ಹನ್ನೆರಡರ ಆಸುಪಾಸು, ಖಾಲಿ ಬರುವಾಗ ಹದಿನಾಲ್ಕು ದಾಟುತ್ತದೆ. ಶ್ರೀರಂಗಪಟ್ಟಣದಿಂದ ಮೈಸೂರಿಗೆ ಹೆದ್ದಾರಿಯಲ್ಲಿ ಅರವತ್ತು, ಅರವತ್ತೈದರಲ್ಲಿ ಹೋದರೆ ಎಂಜಿನ್ ನೆಮ್ಮದಿಯಾಗಿರುತ್ತದೆ, ಡೀಸೆಲ್ಲೂ ಉಳಿಯುತ್ತದೆ. ಎಂಬತ್ತಕ್ಕೆ ಏರಿಸಿದರೆ ಸದ್ದು ಹೆಚ್ಚು, ಮೈಸೂರಿನ ಬಂಡೀಪಾಳ್ಯ ಮಾರುಕಟ್ಟೆಗೆ ತಲುಪುವ ಸಮಯದಲ್ಲಿ ಉಳಿತಾಯ ಅತ್ಯಲ್ಪ. ನಾಲೆ ಏರಿಯ ಮಣ್ಣುದಾರಿಯಲ್ಲಿ ಖಾಲಿ ಗಾಡಿ ಹಿಂದಿನಿಂದ ಎಗರುತ್ತದೆ. ಹೊರೆಗೆಂದು ಮಾಡಿದ ಪಟ್ಟಿ ಸ್ಪ್ರಿಂಗಿನ ಸ್ವಭಾವವೇ ಅದು, ಈ ದರ್ಜೆಯ ಎಲ್ಲ ಗಾಡಿಗಳೂ ಹೀಗೆಯೇ. ಮಳೆಗಾಲದಲ್ಲಿ ಖಾಲಿ ಗಾಡಿಯ ಹಿಂದಿನ ಚಕ್ರ ಕೆಸರಿನಲ್ಲಿ ಬೇಗ ಸುತ್ತುತ್ತದೆ. ಆ ದಿನಗಳಲ್ಲಿ ನಾಲ್ಕು ಮೂಟೆ ಮರಳು ಹಿಂದೆ ಹಾಕಿಕೊಂಡಿರುತ್ತೇನೆ.

ಇದುವರೆಗೆ ದಾರಿಯಲ್ಲಿ ಕೈಕೊಟ್ಟಿಲ್ಲ. ಆಯಿಲ್ ಮತ್ತು ಫಿಲ್ಟರ್‌ಗಳನ್ನು ಕೈಪಿಡಿಯಲ್ಲಿ ಹೇಳಿದ್ದಕ್ಕಿಂತ ಬೇಗನೆ ಬದಲಿಸುತ್ತೇನೆ, ಏಕೆಂದರೆ ಆಲೆಮನೆಯ ಧೂಳಿನಲ್ಲಿ ದುಡಿಯುವ ಗಾಡಿಗೆ ಆ ಅವಧಿ ಹೊಂದುವುದಿಲ್ಲ. ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್‌ಗಳಿಗೆ ತಪ್ಪದೆ ಗ್ರೀಸ್ ಹೊಡೆಸುತ್ತೇನೆ. ತಿಂಗಳಿಗೆ ಹಲವು ಬಾರಿ ಸ್ವಂತ ಸರಕು ಸಾಗಿಸುವ ರೈತರಿಗೆ, ಸಣ್ಣ ವ್ಯಾಪಾರಿಗಳಿಗೆ ಈ ಗಾಡಿಯನ್ನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ದಿನವೂ ಎರಡು ಟನ್ ಹೊರಬೇಕಾದವರು ಮಾತ್ರ ಇದನ್ನು ಕೊಳ್ಳದೆ ಒಂದು ದರ್ಜೆ ಮೇಲಿನ ಗಾಡಿ ನೋಡಲಿ. ಮಾಡಿಸಬೇಕಾದ ಕೆಲಸಗಳಲ್ಲಿ ಮುಂದಿರುವುದು ಕ್ಲಚ್ ಸೆಟ್: ಪೆಡಲ್ ಈಗೀಗ ಮೇಲಿನಿಂದಲೇ ಹಿಡಿಯುತ್ತಿದೆ, ಹೊಸ ಕಬ್ಬಿನ ಹಂಗಾಮಿಗೆ ಮೊದಲು ಬದಲಿಸಿಬಿಡೋಣ ಎಂದು ಮೇಸ್ತ್ರಿ ಹೇಳಿದ್ದಾರೆ.