ಗಂಟಲಿಗಿಳಿಯುವ ಕಫಕ್ಕೆ ಆವಿಯಾ, ಉಪ್ಪುನೀರಾ, ಸ್ಪ್ರೇಯಾ?

ಮಳೆಗಾಲ ಬಂತೆಂದರೆ ನಮ್ಮ ಕಾಸರಗೋಡಿನ ಬದಿಯಡ್ಕ, ಕುಂಬಳೆ ಕಡೆ ಗೋಡೆಗೆಲ್ಲ ಬೂಷ್ಟು. ಅದರ ಜೊತೆಗೇ ನನ್ನ ಗಂಟಲ ಕಿರಿಕಿರಿಯೂ ಶುರು. ಮೂಗಿನ ಹಿಂದಿನಿಂದ ಕಫ ಗಂಟಲಿಗೆ ಇಳಿಯುತ್ತದೆ, ರಾತ್ರಿ ಮಲಗಿದರೆ ಕೆಮ್ಮು ಜಾಸ್ತಿ.

ಆವಿ ಸುಲಭ, ಖರ್ಚಿಲ್ಲ. ಆದರೆ ಆರಾಮ ಸ್ವಲ್ಪ ಹೊತ್ತಷ್ಟೇ. ಬಿಸಿನೀರು ಚೆಲ್ಲಿ ಸುಡುವ ಭಯ ಇರುವುದರಿಂದ ಮಕ್ಕಳಿಗೆ ಬೇಡ.

ನನ್ನ ಆಯ್ಕೆ ಉಪ್ಪುನೀರಿನಿಂದ ಮೂಗು ತೊಳೆಯುವುದು. ಇದು ಕಫವನ್ನೂ ಧೂಳನ್ನೂ ನಿಜವಾಗಿ ಹೊರಗೆ ತರುತ್ತದೆ. ಸುಮಾರು 240 ಮಿಲಿ ನೀರಿಗೆ ಅರ್ಧ ಟೀ ಚಮಚದಷ್ಟು ಅಯೋಡಿನ್ ಇಲ್ಲದ ಉಪ್ಪು ಸಾಕು. ಬಾವಿ ನೀರು ಎಷ್ಟು ತಿಳಿಯಾಗಿ ಕಂಡರೂ ಹಾಗೇ ಮೂಗಿಗೆ ಬಿಡಬೇಡಿ, ಮೂಗಿನ ಮೂಲಕ ಮೆದುಳಿಗೆ ಹೋಗುವ ಅಮೀಬಾದಿಂದ ಕೇರಳದಲ್ಲೇ ಜನ ಸತ್ತಿದ್ದಾರೆ, ಹಾಗಾಗಿ ಒಂದು ನಿಮಿಷವಾದರೂ ಚೆನ್ನಾಗಿ ಕುದಿಸಿ, ಆರಿಸಿ, ಆಮೇಲೆ ಬಳಸಿ. ದಯವಿಟ್ಟು ಇದನ್ನು ಮರೆಯಬೇಡಿ.

ಸೀನು, ಕಣ್ಣು ತುರಿಕೆಯೂ ಇದ್ದರೆ ಅಲರ್ಜಿ ಇರಬಹುದು, ಆಗ ಫ್ಲುಟಿಕಾಸೋನ್‌ನಂಥ ಮೂಗಿಗೆ ಹೊಡೆಯುವ ಸ್ಟೀರಾಯ್ಡ್ ಸ್ಪ್ರೇ ಹೆಚ್ಚು ಒಳ್ಳೆಯದು, ಡಾಕ್ಟರನ್ನು ಕೇಳಿ ತೆಗೆದುಕೊಳ್ಳಿ. ಎರಡೇ ದಿನಕ್ಕೆ ಬಿಡಬೇಡಿ, ಪೂರ್ತಿ ಗುಣ ಕಾಣಲು ಒಂದೆರಡು ವಾರ ಬೇಕು. ಅಲರ್ಜಿ ಮಾತ್ರೆ ಸೆಟಿರಿಜಿನ್ ಬೇಗ ಕೆಲಸ ಮಾಡುತ್ತದೆ, ಆದರೆ ಕೆಲವರಿಗೆ ನಿದ್ದೆ ಬರುತ್ತದೆ. ಬೈಕ್ ಓಡಿಸುವವರು ಜಾಗ್ರತೆ.

ಮೂಗು ತಟ್ಟನೆ ತೆರೆಸುವ ಆಕ್ಸಿಮೆಟಜೋಲಿನ್ ಹನಿ ಮೂರು ದಿನಕ್ಕಿಂತ ಹೆಚ್ಚು ಬೇಡ, ಬಿಟ್ಟ ಮೇಲೆ ಮೂಗು ಇನ್ನೂ ಕಟ್ಟುತ್ತದೆ.

ಎದೆಯುರಿ, ಹುಳಿತೇಗು ಇದ್ದರೆ ಕಾರಣ ಹೊಟ್ಟೆಯ ಆಸಿಡ್ ಕೂಡ ಆಗಿರಬಹುದು, ಅದಕ್ಕೆ ಸ್ಪ್ರೇ ಸುಮ್ನೆ ದಂಡ. ಒಂದೇ ಹೊಳ್ಳೆಯಿಂದ ರಕ್ತ ಅಥವಾ ನಾರುವ ಕಫ ಬಂದರೆ ಇದ್ಯಾವುದೂ ಬೇಡ, ನೇರ ಇಎನ್‌ಟಿ ಡಾಕ್ಟರ ಹತ್ತಿರ ಹೋಗಿ.