ಅದೇ ದುಡ್ಡಿಗೆ ಹಳೇ ಕ್ಯೂ7, ಎಕ್ಸ್5, ಫಾರ್ಚುನರ್: ಮೂರನ್ನೂ ಓಡಿಸಿ ನೋಡಿದ ಮೇಲೆ

ಬೆಂಗಳೂರಿನ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ 2012ರ ಆಸುಪಾಸಿನ ಆಡಿ ಕ್ಯೂ7, ಬಿಎಂಡಬ್ಲ್ಯು ಎಕ್ಸ್5, ಟೊಯೊಟಾ ಫಾರ್ಚುನರ್ ಮೂರೂ ಹೆಚ್ಚುಕಮ್ಮಿ ಒಂದೇ ದುಡ್ಡಿಗೆ ಸಿಗುತ್ತವೆ. ಹೊಸದರಲ್ಲಿ ಮೊದಲಿನ ಎರಡರ ಬೆಲೆ ಫಾರ್ಚುನರ್‌ನ ಎರಡು ಪಟ್ಟಿಗಿಂತ ಜಾಸ್ತಿ ಇತ್ತು. ಹಾಗಾಗಿ ಮನಸ್ಸು ಜರ್ಮನ್ ಗಾಡಿಯ ಕಡೆ ವಾಲುವುದು ಸಹಜ. ನನ್ನದೂ ವಾಲಿತ್ತು. ಆದರೂ ಮೂರನ್ನೂ ಒಂದೇ ದಾರಿಯಲ್ಲಿ ಓಡಿಸದೆ ತೀರ್ಮಾನ ಬೇಡ ಅಂದುಕೊಂಡೆ. ಗೆಳೆಯರು, ನೆಂಟರು ನಂಬಿ ಕೀಲಿ ಕೊಟ್ಟರು. ದಾರಿ ನಮ್ಮ ಮಾಮೂಲಿ ದಾರಿಯೇ. ನೆಲಮಂಗಲ, ಹಾಸನ, ಸಕಲೇಶಪುರ, ಅಲ್ಲಿಂದ ತೋಟದ ಮಣ್ಣು ರಸ್ತೆ. ಹಿಂದಿನ ಸೀಟಿನಲ್ಲಿ ಮಂಡಿ ನೋವಿರುವ ಅಮ್ಮ.

ಓಡಿಸುವ ಖುಷಿಗೆ ಎಕ್ಸ್5ಗೆ ಸಾಟಿ ಇಲ್ಲ. 2010ರಲ್ಲಿ ಬದಲಾದ, 30ಡಿ ಅನ್ನುವ ಡೀಸೆಲ್ ಮಾದರಿ ಅದು. 3 ಲೀಟರ್ ಡೀಸೆಲ್, ಸಾಲಾಗಿ ಆರು ಸಿಲಿಂಡರ್, 245 ಹಾರ್ಸ್ ಪವರ್, 8 ಗೇರಿನ ಆಟೊಮ್ಯಾಟಿಕ್. ಲಾರಿ ದಾಟಿಸಬೇಕು ಅಂದುಕೊಳ್ಳುವಷ್ಟರಲ್ಲಿ ದಾಟಿರುತ್ತದೆ. ತಿರುವಿನಲ್ಲಿ ಇಷ್ಟು ದೊಡ್ಡ ಗಾಡಿ ಓಡಿಸುತ್ತಿದ್ದೇನೆ ಅಂತಲೇ ಅನಿಸಲಿಲ್ಲ. ಅಮ್ಮನಿಗೂ ಸೀಟಿನ ಎತ್ತರ ಸರಿಹೋಯಿತು. ಹತ್ತಬೇಕಾಗಿಲ್ಲ, ಬಗ್ಗಬೇಕಾಗಿಲ್ಲ, ಸುಮ್ನೆ ಕೂತರೆ ಆಯಿತು. ಒಂದೇ ಕೊರತೆ ರನ್‌ಫ್ಲಾಟ್ ಟೈರು. ಗಾಳಿ ಹೋದರೂ ಸ್ವಲ್ಪ ದೂರ ಓಡಲಿ ಅಂತ ಅದರ ಪಕ್ಕದ ಭಾಗವನ್ನು ಗಟ್ಟಿ ಮಾಡಿರುತ್ತಾರೆ. ಗುಂಡಿಗೆ ಇಳಿದಾಗ ಆ ಗಟ್ಟಿತನ ಸೊಂಟಕ್ಕೆ ಗೊತ್ತಾಗುತ್ತದೆ.

ಕ್ಯೂ7 ಬೇರೆಯದೇ ಜಾತಿ. 5 ಮೀಟರ್‌ಗೂ ಉದ್ದ, ಏಳು ಸೀಟು. ಸ್ಪ್ರಿಂಗ್ ಬದಲು ಗಾಳಿಚೀಲದ ಮೇಲೆ ನಿಲ್ಲುವ ಏರ್ ಸಸ್ಪೆನ್ಶನ್ ಇದ್ದ ಗಾಡಿಯಲ್ಲಿ ಕೂತು ಹಾಸನದವರೆಗೆ ಅಮ್ಮ ನಿದ್ದೆ ಮಾಡಿದರು. ಮಣ್ಣು ರಸ್ತೆ ಬಂದಾಗ ಬಟನ್ ಒತ್ತಿದರೆ ಗಾಡಿ ಎದ್ದು ನಿಲ್ಲುತ್ತದೆ. ದೂರದ ಪ್ರಯಾಣದ ಸುಖಕ್ಕೆ ಮೂರರಲ್ಲಿ ಇದೇ ಮೊದಲು. ಆದರೆ ಮಲ್ಲೇಶ್ವರದ ಅಡ್ಡರಸ್ತೆಯಲ್ಲಿ ನಿಲ್ಲಿಸಲು ಜಾಗ ಹುಡುಕುವುದೇ ಒಂದು ಕೆಲಸ.

ಫಾರ್ಚುನರ್ ಬಗ್ಗೆ ಹೇಳುವುದು ಕಮ್ಮಿ. ಲಾರಿಯ ಹಾಗೆ ಚಾಸಿ ಮೇಲೆ ಬಾಡಿ ಕೂರಿಸಿದ ಗಾಡಿ. 171 ಹಾರ್ಸ್ ಪವರ್. ಒಳ್ಳೆಯ ರಸ್ತೆಯಲ್ಲೂ ಕುಲುಕುತ್ತದೆ, ತಿರುವಿನಲ್ಲಿ ವಾಲುತ್ತದೆ. ಹತ್ತಲು ಅಮ್ಮನಿಗೆ ಕೈ ಆಸರೆ ಬೇಕಾಯಿತು. ತೋಟದ ಕೆಸರಿನಲ್ಲಿ ಮಾತ್ರ ಎದೆ ಡವಡವ ಅನ್ನದೆ ಓಡಿಸಿದ್ದು ಇದೊಂದನ್ನೇ.

ಇಲ್ಲಿಗೇ ನಿಲ್ಲಿಸಿದ್ದರೆ ಎಕ್ಸ್5 ಗೆದ್ದಂತೆ. ಆದರೆ ಹಳೇ ಗಾಡಿಯ ನಿಜವಾದ ಹೋಲಿಕೆ ಗ್ಯಾರೇಜಿನಲ್ಲಿ ಲಿಫ್ಟ್ ಮೇಲೆ ಏರಿಸಿದಾಗ ಶುರುವಾಗುತ್ತದೆ. ಗಾಡಿಯ ಬೆಲೆ ಕಾಲು ಭಾಗಕ್ಕೆ ಇಳಿದಿರಬಹುದು, ಬಿಡಿಭಾಗದ ಬೆಲೆ ಇಳಿದಿಲ್ಲ.

ಟೈಮಿಂಗ್ ಚೈನ್ ನೋಡಿ, ಎಂಜಿನ್ನಿನ ಒಳಭಾಗಗಳನ್ನು ಒಂದೇ ತಾಳಕ್ಕೆ ತಿರುಗಿಸುವ ಸರಪಳಿ. ಕ್ಯೂ7ನ 3 ಲೀಟರ್ ಡೀಸೆಲ್‌ನಲ್ಲಿ ಅದು ಎಂಜಿನ್ನಿನ ಹಿಂಭಾಗದಲ್ಲಿ, ಗೇರ್‌ಬಾಕ್ಸ್ ಕಡೆಗಿದೆ. 2010ರ ನಂತರದ ಎಕ್ಸ್5 30ಡಿಯಲ್ಲೂ ಹಾಗೇ. ಚೈನ್ ಸಡಿಲವಾದರೆ ಎಂಜಿನ್ನನ್ನೋ ಗೇರ್‌ಬಾಕ್ಸನ್ನೋ ಇಳಿಸಬೇಕು. ಚೈನಿಗಿಂತ ಕೂಲಿಯೇ ದೊಡ್ಡದು. ಅದಕ್ಕೇ ಬೆಳಗ್ಗೆ ತಣ್ಣಗಿರುವ ಎಂಜಿನ್ ಶುರು ಮಾಡಿ, ಚೈನಿನ ಸದ್ದು ಬರುತ್ತದೆಯೇ ಅಂತ ಕಿವಿಗೊಡಿ. ಮಾರುವವರು ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಹೋಗಿ. 2010ಕ್ಕೂ ಮುಂಚಿನ ಎಕ್ಸ್5ನ ಎಂಜಿನ್‌ನಲ್ಲಿ ಚೈನ್ ಮುಂದೆ ಇತ್ತು, ನನಗೆ ಅದೇ ಇಷ್ಟ. ಆದರೆ ಆ ಗಾಡಿಗಳಿಗೆ 15 ವರ್ಷ ತುಂಬಿತು. ಎಫ್‌ಸಿ (ಗಾಡಿ ಓಡಲು ಯೋಗ್ಯ ಅನ್ನುವ ಸರ್ಟಿಫಿಕೇಟ್) ಮಾಡಿಸಿ ಆರ್‌ಸಿಯನ್ನು 5 ವರ್ಷಕ್ಕೆ ನವೀಕರಿಸಬೇಕು. 600 ರೂಪಾಯಿ ಇದ್ದ ಈ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000 ಆಯಿತು. ಶುಲ್ಕ ಕಟ್ಟಬಹುದು. ಮುಂದೆ ಮಾರುವಾಗ ಕೊಳ್ಳುವವರು ಸಿಗುವುದು ಕಷ್ಟ, ಅಲ್ವಾ?

ಫಾರ್ಚುನರ್‌ನ ಆ ಕಾಲದ 3 ಲೀಟರ್ ಎಂಜಿನ್‌ನಲ್ಲಿ ಚೈನ್ ಇಲ್ಲ, ಬೆಲ್ಟ್. 1,50,000 ಕಿಲೋಮೀಟರಿಗೆ ಬದಲಿಸಬೇಕು. ಕೆಲಸ ಮುಂದಿನಿಂದಲೇ ಮುಗಿಯುತ್ತದೆ. ಬದಲಿಸಿದ ಬಿಲ್ ಕೇಳಿ, ಇಲ್ಲದಿದ್ದರೆ ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಏರ್ ಸಸ್ಪೆನ್ಶನ್‌ಗೆ ಪರೀಕ್ಷೆ ಸುಲಭ. ಸಂಜೆ ನಾಲ್ಕೂ ಚಕ್ರದ ಕಮಾನಿನ ಎತ್ತರ ಟೇಪಿನಲ್ಲಿ ಅಳೆದಿಡಿ. ಬೆಳಗ್ಗೆ ಮತ್ತೆ ಅಳೆಯಿರಿ. ಒಂದು ಮೂಲೆ ಕುಸಿದಿದ್ದರೆ ಅಲ್ಲಿ ಗಾಳಿ ಸೋರುತ್ತಿದೆ. ಅದನ್ನು ತುಂಬಿಸಲು ದುಡಿದು ದುಡಿದು ಕಂಪ್ರೆಸರ್ ಕೂಡ ಸುಟ್ಟುಹೋಗುತ್ತದೆ. ಎಕ್ಸ್5ನಲ್ಲಿ ಹಿಂದಿನ ಚಕ್ರಗಳಿಗಷ್ಟೇ ಗಾಳಿಚೀಲ ಇರುವ ಗಾಡಿಗಳೂ ಇವೆ, ಸ್ಪ್ರಿಂಗ್ ಇರುವವೂ ಇವೆ. ಸ್ಪ್ರಿಂಗಿನದ್ದೇ ಸಾಕು.

ಗೇರ್‌ಬಾಕ್ಸ್ ಆಯಿಲ್ ಜೀವನಪೂರ್ತಿ ಬದಲಿಸಬೇಕಿಲ್ಲ ಅಂತ ಮಾರುವವರು ಹೇಳಬಹುದು. ಎಕ್ಸ್5ನ 8 ಗೇರಿನ ಗೇರ್‌ಬಾಕ್ಸ್ ತಯಾರಿಸುವ ಜೆಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿಲೋಮೀಟರ್ ಒಳಗೆ ಬದಲಿಸಿ ಅನ್ನುತ್ತದೆ. ಹಾಗೆ ಬದಲಿಸಿದ ಬಿಲ್ ಇರುವ ಗಾಡಿ ಸಿಕ್ಕರೆ, ಆ ಮಾಲೀಕರು ಉಳಿದದ್ದನ್ನೂ ನೋಡಿಕೊಂಡಿದ್ದಾರೆ ಅಂತ ನಾನು ನಂಬುತ್ತೇನೆ.

ದೆಹಲಿಯ ಗಾಡಿ ಅಗ್ಗ ಅಂತ ಆಸೆಪಡುವವರಿಗೆ ಒಂದು ಮಾತು. ಅಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿಗಳ ವಿರುದ್ಧ ಹಸಿರು ನ್ಯಾಯಮಂಡಳಿ 2015ರಲ್ಲಿ ಆದೇಶ ಕೊಟ್ಟಿತು, 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅಗ್ಗವಾಗಿದ್ದು ಅದರಿಂದ. ಇಲ್ಲಿಗೆ ತಂದರೆ ಅಲ್ಲಿನ ಆರ್‌ಟಿಓದಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ಬೇಕು, 12 ತಿಂಗಳೊಳಗೆ ಕೆಎ ನಂಬರ್ ಮಾಡಿಸಬೇಕು, ಲೈಫ್ ಟ್ಯಾಕ್ಸ್ ಕಟ್ಟಬೇಕು. 20 ಲಕ್ಷ ಮೀರಿದ ಹೊಸ ಗಾಡಿಗೆ ಕರ್ನಾಟಕದಲ್ಲಿ ಅದು 18 ಪರ್ಸೆಂಟ್. ವಯಸ್ಸಿಗೆ ತಕ್ಕ ಕಡಿತ ಉಂಟು, ಆದರೆ ಲೆಕ್ಕ ಶುರುವಾಗುವುದು ಆ ದೊಡ್ಡ ಮೊತ್ತದಿಂದ. ಮೊದಲು ಆರ್‌ಟಿಓದಲ್ಲಿ ಕೇಳಿ, ಆಮೇಲೆ ರೈಲು ಹತ್ತಿ.

ನನ್ನ ತೀರ್ಮಾನ ಹೀಗಿದೆ. ಸಕಲೇಶಪುರದಲ್ಲೇ ಇರುವ ತಮ್ಮನಿಗೆ ಫಾರ್ಚುನರ್ ತಗೋ ಅಂದೆ. ಅವನಿಗೆ ಇರುವುದು ಒಂದೇ ಗಾಡಿ. ಮಳೆಗಾಲದಲ್ಲಿ ಅದು ಕೈಕೊಟ್ಟರೆ ಊರಿನ ಮೆಕ್ಯಾನಿಕ್ಕೇ ನೋಡಬೇಕು, ಅವರಿಗೆ ಅದರ ಒಳಗೆಲ್ಲ ಗೊತ್ತು. ಜರ್ಮನ್ ಗಾಡಿಯಾದರೆ ಸ್ಕ್ಯಾನರ್ ಇರುವ ಊರಿಗೆ ಎಳೆದುಕೊಂಡು ಹೋಗಬೇಕು. ಕ್ಯೂ7 ಅನ್ನು ಏಳು ಜನರ ಮನೆಯವರು, ಸಸ್ಪೆನ್ಶನ್ ಖರ್ಚಿಗೆ ಸಿದ್ಧರಿದ್ದರೆ ನೋಡಬಹುದು. ನನಗೆ ಎಕ್ಸ್5. ಬೆಂಗಳೂರಿನಲ್ಲಿದ್ದೇನೆ, ಬಿಎಂಡಬ್ಲ್ಯು ಮಾತ್ರ ಮಾಡುವ ಸ್ವತಂತ್ರ ಗ್ಯಾರೇಜು ಹತ್ತಿರವಿದೆ, ಆಫೀಸಿಗೆ ಬೇರೆ ಚಿಕ್ಕ ಕಾರಿದೆ. ಗಾಡಿಯ ಬೆಲೆಯ ಮೂರನೇ ಒಂದು ಭಾಗವನ್ನು ಮೊದಲ ವರ್ಷದ ರಿಪೇರಿಗೆ ಬೇರೆ ಎತ್ತಿಟ್ಟಿದ್ದೇನೆ. ಈಗ ಹುಡುಕುತ್ತಿರುವುದು ಕೆಎ ನಂಬರಿನ, ಒಬ್ಬರೇ ಮಾಲೀಕರ, ಹಿಂದೆ ಸ್ಪ್ರಿಂಗ್ ಇರುವ 2012ರ ನಂತರದ ಗಾಡಿ. ಓಡಿದ್ದು ಜಾಸ್ತಿ ಇದ್ದರೂ ಪರವಾಗಿಲ್ಲ, ಬಿಲ್ಲುಗಳ ಫೈಲ್ ದಪ್ಪ ಇರಬೇಕು.